ಬಳುಕುವ ರೂಪಗಳ ಮರುರಚನೆ

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರವು ತೆಂಗಿನ ಸೀಮೆಯ ಊರು. ಗಾಳಿ ಬೀಸಿದಾಗ ಅಲ್ಲಿನ ತೋಟಗಳಲ್ಲಿ ಗರಿಗಳು ಬಾಗಿ, ಬಳುಕಿ, ಮತ್ತೆ ನೆಟ್ಟಗಾಗುತ್ತವೆ. ಇದನ್ನು ವಿಡಿಯೊದಲ್ಲಿ ಸೆರೆಹಿಡಿದರೆ ದೊರೆಯುವುದು ಚಪ್ಪಟೆ ಚಿತ್ರಗಳ ಸಾಲು ಮಾತ್ರ. ಗರಿಗೆ ಉದ್ದ ಅಗಲಗಳಲ್ಲದೆ ಆಳವೂ ಉಂಟು. ಚಿತ್ರದಲ್ಲಿ ಆ ಆಳ ಅಳಿಸಿಹೋಗಿರುತ್ತದೆ. ಅದನ್ನು ಗಣಕಯಂತ್ರವು ಮರಳಿ ಪಡೆಯಬಲ್ಲುದೆ? ಗಣಕ ದೃಷ್ಟಿ ಎಂಬ ಶಾಸ್ತ್ರದ ಕಠಿಣ ಪ್ರಶ್ನೆಗಳಲ್ಲಿ ಇದೂ ಒಂದು.

ಗಟ್ಟಿ ವಸ್ತುವಿನ ವಿಷಯದಲ್ಲಿ ಉತ್ತರ ಅಷ್ಟು ಕಷ್ಟವಲ್ಲ. ತೆಂಗಿನಕಾಯಿಯೊಂದನ್ನು ತಿರುಗಿಸುತ್ತ ಚಿತ್ರ ತೆಗೆದರೆ, ಅದರ ಮೇಲಿನ ಬಿಂದುಗಳ ಪರಸ್ಪರ ದೂರ ಬದಲಾಗುವುದಿಲ್ಲ. ಪ್ರತಿಯೊಂದು ಚಿತ್ರವೂ ಒಂದೇ ಆಕಾರದ ಬೇರೊಂದು ಮಗ್ಗುಲು. ಸಮಾಂತರ ಕಿರಣಗಳಿಂದ ಮೂಡಿದ ಚಿತ್ರಗಳಲ್ಲಿ, ಒಂದೇ ಸಮತಲದಲ್ಲಿರದ ನಾಲ್ಕು ಬಿಂದುಗಳ ಮೂರು ಭಿನ್ನ ನೋಟಗಳಿಂದ ಇಂಥ ಆಕಾರವನ್ನು ಕಂಡುಹಿಡಿಯಬಹುದೆಂದು ಷಿಮೋನ್ ಉಲ್ಮನ್ 1979ರಲ್ಲಿ ತೋರಿಸಿದರು.

ಗರಿಯ ಮಾತು ಬೇರೆ. ಒಂದು ಕ್ಷಣದಲ್ಲಿದ್ದ ಅದರ ರೂಪ ಮರುಕ್ಷಣದಲ್ಲಿ ಇರುವುದಿಲ್ಲ. ಗರಿಯು ಚಿತ್ರದಲ್ಲಿ ಗಿಡ್ಡವಾಗಿ ಕಂಡರೆ, ಗರಿಯೇ ಹಿಂದಕ್ಕೆ ಬಾಗಿತೋ, ಕ್ಯಾಮೆರಾ ಪಕ್ಕಕ್ಕೆ ಸರಿಯಿತೋ ಹೇಳುವುದು ಹೇಗೆ? ಆಕಾರವು ಮನಬಂದಂತೆ ಬದಲಾಗಬಹುದೆಂದು ಒಪ್ಪಿದರೆ, ಒಂದೇ ವಿಡಿಯೊಗೆ ಲೆಕ್ಕವಿಲ್ಲದಷ್ಟು ಉತ್ತರಗಳು ಹೊಂದುತ್ತವೆ.

ಆದರೆ ವಸ್ತುಗಳು ಸಾಮಾನ್ಯವಾಗಿ ಮನಬಂದಂತೆ ಬದಲಾಗುವುದಿಲ್ಲ. ಗರಿಯನ್ನು ಅದರ ನಡುವಿನ ಗಟ್ಟಿ ದಂಟು ಹಿಡಿದಿಡುತ್ತದೆ. ಮುಖವನ್ನು ಮೂಳೆ, ಸ್ನಾಯುಗಳು ಅಂಕೆಯಲ್ಲಿಡುತ್ತವೆ. 2000ನೆಯ ಇಸವಿಯಲ್ಲಿ ಕ್ರಿಸ್ಟೋಫ್ ಬ್ರೆಗ್ಲರ್, ಆರನ್ ಹರ್ಟ್ಸ್‌ಮನ್ ಮತ್ತು ಹೆನ್ನಿಂಗ್ ಬೀರ್‌ಮನ್ ಎಂಬ ವಿಜ್ಞಾನಿಗಳು ಈ ಗುಣವನ್ನೇ ಆಧಾರವಾಗಿ ಹಿಡಿದರು. ಪ್ರತಿ ಕ್ಷಣದ ರೂಪವೂ ಕೆಲವೇ ಮೂಲರೂಪಗಳ ಮಿಶ್ರಣವೆಂದು ಅವರು ಭಾವಿಸಿದರು. ಮಾತನಾಡುವ ಮುಖದಲ್ಲಿ ಬಾಯಿ ತೆರೆದ ರೂಪವೂ ತುಟಿ ಅಗಲಿಸಿದ ರೂಪವೂ ಹೆಚ್ಚುಕಡಿಮೆ ಪ್ರಮಾಣದಲ್ಲಿ ಬೆರೆತಿರುವಂತೆ ಇದು. ಮೂಲರೂಪಗಳನ್ನು ಯಂತ್ರಕ್ಕೆ ಮೊದಲೇ ಹೇಳಿಕೊಡಬೇಕಾಗಿಲ್ಲ. ಬಿಂದುಗಳು ಚಿತ್ರದಿಂದ ಚಿತ್ರಕ್ಕೆ ಸರಿದ ಬಗೆಯಿಂದಲೇ ಅವುಗಳನ್ನೂ ಅವುಗಳ ಪ್ರಮಾಣವನ್ನೂ ಕ್ಯಾಮೆರಾದ ಚಲನೆಯನ್ನೂ ಲೆಕ್ಕಹಾಕಬಹುದು.

ಈ ವಿದ್ಯೆಯ ಪ್ರಯೋಜನ ವಿನೋದಕ್ಕಷ್ಟೇ ಸೀಮಿತವಲ್ಲ. ಚಿಕ್ಕ ರಂಧ್ರದ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಒಳಗಿನ ಅಂಗಗಳು ಉಸಿರಾಟದೊಡನೆ ಏರಿಳಿಯುತ್ತವೆ. ಅವುಗಳ ಆಳವನ್ನು ವೈದ್ಯರಿಗೆ ತಿಳಿಸಲು ಸಂಶೋಧಕರು ಇಂಥ ವಿಧಾನಗಳನ್ನು ಪ್ರಯೋಗಿಸುತ್ತಿದ್ದಾರೆ. ಅಲ್ಲಿ ಸಣ್ಣ ತಪ್ಪೂ ರಕ್ತನಾಳಕ್ಕೆ ಅಪಾಯ ತಂದೀತು. ಲೆಕ್ಕಕ್ಕೆ ಆಧಾರವಾದ ಊಹೆಯು ಅಂಗದ ಸ್ವಭಾವಕ್ಕೆ ಹೊಂದದಿದ್ದರೆ, ಯಂತ್ರವು ನೋಡಲು ಅಚ್ಚುಕಟ್ಟಾದ ಆದರೆ ಸುಳ್ಳಾದ ರೂಪವನ್ನು ಕೊಡಬಹುದು. ಆದುದರಿಂದ ಯಂತ್ರ ತೋರಿದ ಆಳವನ್ನು ನಿಜವಾದ ಅಳತೆಯೊಡನೆ ತಾಳೆನೋಡಿದ ಮೇಲೆಯೇ ನಂಬತಕ್ಕದ್ದು.