ಫೋಟೊ ತಂತ್ರಾಂಶ ಮೆಮೊರಿ ನುಂಗುವುದೇಕೆ?

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಜ್ಞಾನ ವಿಭಾಗದವರು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದರೂ ಈ ಲೇಖನ ಬರೆಯಲು ಒಂದು ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಮಾಮು ಅಂಗಡಿಯ ಕಂಪ್ಯೂಟರ್ ದಿನಕ್ಕೆ ನಾಲ್ಕೈದು ಸಲ ಹ್ಯಾಂಗ್ ಆಗುತ್ತಿತ್ತು. ಹೊಸ ಕಂಪ್ಯೂಟರ್‌ಗೆ 32,000 ರೂಪಾಯಿ ಕೊಡುವ ಹಂತಕ್ಕೆ ಮಾಮು ಬಂದಿದ್ದರು. ಕೊನೆಗೆ ತಪ್ಪು ಎಲ್ಲಿದೆ ಎಂದು ಗೊತ್ತಾಗಿದ್ದು ಒಂದು ನೋಟ್‌ಬುಕ್ಕು ಮತ್ತು ಸ್ವಲ್ಪ ಗುಣಾಕಾರದಿಂದ. ಅಷ್ಟು ಲೆಕ್ಕ ನಮಗೆಲ್ಲರಿಗೂ ಬರುತ್ತದೆ.

ಮಾಮು ಅಂಗಡಿ ಕೋಡಿಬಾಗದಲ್ಲಿದೆ. ಝೆರಾಕ್ಸ್, ಸ್ಕ್ಯಾನಿಂಗ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಆಗಾಗ ಮದುವೆ ಫೋಟೊಗ್ರಫಿ ಅಲ್ಲಿಯ ಕೆಲಸಗಳು. ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿ ಕೂರುತ್ತೇನೆ. ಹನ್ನೊಂದು ವರ್ಷಗಳ ಸಾವಿರಾರು ಫೋಟೊಗಳು ಅಲ್ಲಿನ ಕಂಪ್ಯೂಟರಿನಲ್ಲಿವೆ. ಅವನ್ನು ಹೆಸರು, ದಿನಾಂಕ, ಊರಿನ ಪ್ರಕಾರ ಹುಡುಕಲು ಮಾಮು ಒಂದು ಫೋಟೊ ನಿರ್ವಹಣೆ ತಂತ್ರಾಂಶ ಹಾಕಿಸಿದ್ದಾರೆ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ, ಆ ಸೇತುವೆ ಕಾಣುವ ಹಳೆಯ ಫೋಟೊ ಇದೆಯೇ ಎಂದು ಕೇಳಿಕೊಂಡು ಬಂದವರಿದ್ದಾರೆ. ಆಗೆಲ್ಲ ಈ ತಂತ್ರಾಂಶ ಒಂದೇ ನಿಮಿಷದಲ್ಲಿ ಹುಡುಕಿ ಕೊಟ್ಟಿತ್ತು.

ಅದೇ ತಂತ್ರಾಂಶ ಈಗ ತೆರೆದ ಕೆಲವೇ ನಿಮಿಷದಲ್ಲಿ ಇಡೀ ಕಂಪ್ಯೂಟರನ್ನು ನಿಲ್ಲಿಸತೊಡಗಿತು. ಮೌಸ್ ಅಲುಗಾಡುತ್ತಿರಲಿಲ್ಲ. ಹಾರ್ಡ್ ಡಿಸ್ಕಿನ ದೀಪ ಮಾತ್ರ ಉರಿಯುತ್ತಲೇ ಇರುತ್ತಿತ್ತು. ಗಿರಾಕಿಗಳು ಸಾಲಾಗಿ ನಿಂತಿರುತ್ತಿದ್ದರು, ನಾನು ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಿದ್ದೆ. ಹೀಗೆ ಮಾಡಿದ್ದು ನನ್ನ ಮೊದಲ ತಪ್ಪು. ಫೋಟೊಗಳ ಹೆಸರು, ಗುರುತುಗಳನ್ನೆಲ್ಲ ತಂತ್ರಾಂಶ ತನ್ನದೇ ಒಂದು ದಫ್ತರದಲ್ಲಿ, ಅಂದರೆ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಅದು ಬರೆಯುತ್ತಿರುವಾಗಲೇ ಕರೆಂಟ್ ತೆಗೆದರೆ ಆ ದಫ್ತರ ಹಾಳಾಗಬಹುದು. ಒಂದು ಸಂಜೆ ನಮ್ಮದೂ ಹಾಳಾಯಿತು. ಹಳೆಯ ಬ್ಯಾಕಪ್ ಇತ್ತು, ಆದರೆ ಎರಡು ವಾರದ ಕೆಲಸ ಹೋಯಿತು. ಫೋಟೊಗಳು ಉಳಿದವು, ಅವುಗಳಿಗೆ ಕೊಟ್ಟ ಹೆಸರುಗಳು ಹೋದವು.

ಮೇಜು ಮತ್ತು ಗೋದಾಮು

ಮುಂದಿನದು ಅರ್ಥವಾಗಬೇಕಾದರೆ ಎರಡು ಜಾಗಗಳ ವ್ಯತ್ಯಾಸ ತಿಳಿದಿರಬೇಕು. ಹಾರ್ಡ್ ಡಿಸ್ಕ್ ಅಂದರೆ ಗೋದಾಮು. ಮೆಮೊರಿ, ಅಂದರೆ ರ‍್ಯಾಮ್, ಅಂಗಡಿಯ ಮುಂದಿನ ಮೇಜು. ಗೋದಾಮಿನಲ್ಲಿ ಬಟ್ಟೆಯನ್ನು ಮಡಚಿ ಗಂಟು ಕಟ್ಟಿ ಇಡುತ್ತಾರೆ. ಗಿರಾಕಿಗೆ ತೋರಿಸಬೇಕಾದರೆ ಮೇಜಿನ ಮೇಲೆ ಪೂರ್ತಿ ಬಿಚ್ಚಿ ಹರಡಬೇಕು. ಮೇಜು ತುಂಬಿದರೆ ಒಂದನ್ನು ಒಳಗಿಟ್ಟು ಇನ್ನೊಂದನ್ನು ತರಬೇಕು.

ಫೋಟೊ ಕೂಡ ಹಾಗೆಯೇ. ಜೆಪೆಗ್ ಎಂಬುದು ಮಡಚಿಟ್ಟ ಫೋಟೊ. ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಡಿಸ್ಕಿನಲ್ಲಿ ಸುಮಾರು 4 ಎಂಬಿ ಇರಬಹುದು. ತೆರೆದಾಗ ಮಾತ್ರ ಪ್ರತಿಯೊಂದು ಚುಕ್ಕೆಗೂ ಬೇರೆ ಬೇರೆ ಜಾಗ ಬೇಕು. 4,000 × 3,000 ಅಂದರೆ 1 ಕೋಟಿ 20 ಲಕ್ಷ ಚುಕ್ಕೆಗಳು. ಒಂದು ಚುಕ್ಕೆಗೆ ಸಾಮಾನ್ಯವಾಗಿ 4 ಬೈಟ್ ಹಿಡಿಯುತ್ತದೆ. ಗುಣಿಸಿದರೆ 4 ಕೋಟಿ 80 ಲಕ್ಷ ಬೈಟ್, ಅಂದರೆ 48 ಎಂಬಿ. ಗೋದಾಮಿನಲ್ಲಿ 4, ಮೇಜಿನ ಮೇಲೆ 48. ಫೋಟೊ ತಿದ್ದುವಾಗ ಹಿಂದಿನ ಹಂತಕ್ಕೆ ಮರಳಲು ಅನುಕೂಲವಾಗಲಿ ಎಂದು ಕೆಲವು ತಂತ್ರಾಂಶಗಳು ಒಂದೊಂದು ಹಂತದ ಪ್ರತಿಯನ್ನೂ ಇಟ್ಟುಕೊಳ್ಳುತ್ತವೆ. ಆಗ ಈ 48 ಮತ್ತೆ ಮತ್ತೆ ಸೇರುತ್ತಾ ಹೋಗುತ್ತದೆ.

ಮೇಜು ಪೂರ್ತಿ ತುಂಬಿದಾಗ ವಿಂಡೋಸ್ ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ಮೇಜಿನಂತೆ ಬಳಸಲು ಶುರುಮಾಡುತ್ತದೆ. ಆದರೆ ಡಿಸ್ಕಿನ ವೇಗ ರ‍್ಯಾಮಿನ ವೇಗಕ್ಕೆ ಏನೇನೂ ಸಾಲದು. ರ‍್ಯಾಮಿನ ಲೆಕ್ಕ ನ್ಯಾನೊಸೆಕೆಂಡಿನಲ್ಲಿದ್ದರೆ ತಿರುಗುವ ಡಿಸ್ಕಿನದು ಮಿಲಿಸೆಕೆಂಡಿನಲ್ಲಿ. ನಮ್ಮ ಕಂಪ್ಯೂಟರ್ ಸತ್ತಂತೆ ಕಂಡರೂ ಅದರ ದೀಪ ಉರಿಯುತ್ತಿದ್ದುದು ಇದೇ ಕಾರಣಕ್ಕೆ. ಅದು ಗೋದಾಮಿಗೂ ಮೇಜಿಗೂ ಓಡಾಡುತ್ತಿತ್ತು.

ನೋಟ್‌ಬುಕ್ ಹಿಡಿದು ಕುಳಿತದ್ದು

ಮಾಮು ಹೊಸ ಕಂಪ್ಯೂಟರ್ ಕಂತಿನ ಮೇಲೆ ತರುತ್ತೇನೆ ಎಂದರು. ಮಳೆಗಾಲದಲ್ಲಿ ಅಂಗಡಿಯ ವ್ಯಾಪಾರ ಅರ್ಧಕ್ಕೆ ಇಳಿದಿರುತ್ತದೆ, ಆಗ ಕಂತು ಕಟ್ಟುವುದು ಸುಲಭವಲ್ಲ. ನಮ್ಮ ನಾನಿ ಯಾವಾಗಲೂ ಒಂದು ಮಾತು ಹೇಳುತ್ತಾರೆ: ‘ಜಲ್ದಿ ಕಾ ಕಾಮ್ ಶೈತಾನ್ ಕಾ ಕಾಮ್’. ಆತುರದ ಕೆಲಸ ಸೈತಾನನ ಕೆಲಸ ಎಂದು ಅರ್ಥ. ನಾನು ಮಾಮು ಹತ್ತಿರ ಒಂದು ವಾರ ಸಮಯ ಕೇಳಿದೆ.

ಮೊದಲು ಎಲ್ಲ ಫೋಟೊಗಳನ್ನೂ ಡೇಟಾಬೇಸನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಇದಾಗದೆ ಬೇರೆ ಯಾವುದನ್ನೂ ಮುಟ್ಟಬಾರದು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಯಾವ ತಂತ್ರಾಂಶ ಎಷ್ಟು ಮೆಮೊರಿ ಹಿಡಿದಿದೆ ಎಂದು ಅದರಲ್ಲಿ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ: ಸಮಯ, ನಾನು ಮಾಡಿದ ಕೆಲಸ, ಮೆಮೊರಿ. ನಾವು ನಗದು ಪುಸ್ತಕ ಬರೆಯುವ ಹಾಗೆಯೇ.

ನಮ್ಮ ಕಂಪ್ಯೂಟರಿನಲ್ಲಿ ಇರುವುದು 4 ಜಿಬಿ ರ‍್ಯಾಮ್. ಅದರಲ್ಲಿ ಹತ್ತಿರಹತ್ತಿರ ಅರ್ಧ ವಿಂಡೋಸ್‌ಗೇ ಹೋಗುತ್ತದೆ. ಬ್ರೌಸರಿನಲ್ಲಿ ಏಳೆಂಟು ಪುಟ ತೆರೆದಿದ್ದರೆ ಇನ್ನಷ್ಟು ಹೋಗುತ್ತದೆ. ಮೊದಲ ದಿನ ಬ್ರೌಸರ್ ಮುಚ್ಚಿ ಪರೀಕ್ಷಿಸಿದೆ. ಸ್ವಲ್ಪ ಹಗುರವಾಯಿತು, ಆದರೆ ಹ್ಯಾಂಗ್ ಆಗುವುದು ನಿಲ್ಲಲಿಲ್ಲ. ಎರಡನೆಯ ದಿನ ಮುಖ ಗುರುತಿಸುವ ಸೌಲಭ್ಯವನ್ನು ಆಫ್ ಮಾಡಿದೆ. ಪ್ರತಿ ಫೋಟೊದಲ್ಲೂ ಮುಖ ಹುಡುಕಿ ಒಂದಕ್ಕೊಂದು ಹೋಲಿಸುವ ಈ ಕೆಲಸ ಬಹಳ ಭಾರವಾದದ್ದು. ಇನ್ನೂ ಸ್ವಲ್ಪ ಹಗುರವಾಯಿತು. ಆದರೂ ಹ್ಯಾಂಗ್ ಆಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದ್ದರಿಂದ ಯಾವುದು ಎಷ್ಟು ಭಾರ ಎಂದು ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿತ್ತು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಏನೂ ತಿಳಿಯುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಹೆಚ್ಚು ಮೆಮೊರಿ ಬಳಸುವುದೆಲ್ಲ ಕಾಯಿಲೆಯಲ್ಲ. ಒಮ್ಮೆ ನೋಡಿದ ಫೋಟೊವನ್ನು ಮತ್ತೆ ಬೇಗ ತೋರಿಸಲು ತಂತ್ರಾಂಶ ಅದನ್ನು ಮೇಜಿನ ಮೇಲೆಯೇ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಒಂದು ಹಂತದವರೆಗೆ ಏರಿ ಅಲ್ಲೇ ನಿಂತರೆ ಭಯವಿಲ್ಲ. ನಾವು ಏನೂ ಮಾಡದೆ ಸುಮ್ಮನೆ ಕುಳಿತಾಗಲೂ ಗಂಟೆಗಟ್ಟಲೆ ಏರುತ್ತಲೇ ಹೋದರೆ ಅದು ಸೋರಿಕೆ, ತಂತ್ರಾಂಶದೊಳಗಿನ ದೋಷ. ಆಗ ಹೊಸ ಆವೃತ್ತಿ ಹಾಕಿ ನೋಡಬೇಕು, ಅದರಿಂದಲೂ ಸರಿಹೋಗದಿದ್ದರೆ ತಯಾರಿಸಿದವರಿಗೆ ತಿಳಿಸಬೇಕು.

ನಮ್ಮ ನೋಟ್‌ಬುಕ್ಕಿನಲ್ಲಿ ಕಂಡದ್ದು ಈ ಎರಡೂ ಅಲ್ಲ. ಮದುವೆ ಫೋಟೊಗಳ ಒಂದು ಫೋಲ್ಡರ್ ತೆರೆದರೆ 600 ಎಂಬಿಗೆ ಏರಿ ನಿಲ್ಲುತ್ತಿತ್ತು. ಇಡೀ ಸಂಗ್ರಹ ತೆರೆದರೆ ಮಾತ್ರ ಕೆಲವು ನಿಮಿಷ ಸರಿಯಾಗಿದ್ದು, ಇದ್ದಕ್ಕಿದ್ದಂತೆ 2 ಜಿಬಿ ದಾಟುತ್ತಿತ್ತು. ಹೀಗೆ ಒಮ್ಮೆಲೇ ಜಿಗಿಯುತ್ತದೆ ಅಂದರೆ ಭಾರವಾದ ಯಾವುದೋ ಕಡತ ಎಲ್ಲೋ ಒಂದು ಕಡೆ ಇದೆ ಎಂದು ಅನುಮಾನ ಬಂತು.

ಅರ್ಧ ಮಾಡುವ ಉಪಾಯ

ನಮ್ಮಲ್ಲಿ ಒಟ್ಟು 16 ಫೋಲ್ಡರುಗಳು. ಒಂದೊಂದಾಗಿ ಪರೀಕ್ಷಿಸಿದರೆ ಹೆಚ್ಚೆಂದರೆ 16 ಸಲ ಹ್ಯಾಂಗ್ ಆಗುವ ಅಪಾಯ. ಅದರ ಬದಲು 8 ಫೋಲ್ಡರುಗಳನ್ನು ಸಂಗ್ರಹದಿಂದ ಹೊರಗಿಟ್ಟು ನೋಡಿದೆ. ಸಮಸ್ಯೆ ಇತ್ತು. ಅಂದರೆ ತಪ್ಪು ಉಳಿದ 8ರಲ್ಲಿದೆ. ಅದರಲ್ಲಿ 4 ಹೊರಗಿಟ್ಟೆ. ಸಮಸ್ಯೆ ಇರಲಿಲ್ಲ. ಅಂದರೆ ಹೊರಗಿಟ್ಟ 4ರಲ್ಲಿದೆ. ಆಮೇಲೆ 2, ಆಮೇಲೆ 1. ನಾಲ್ಕೇ ಪರೀಕ್ಷೆಯಲ್ಲಿ ಫೋಲ್ಡರ್ ಸಿಕ್ಕಿತು.

ಆ ಫೋಲ್ಡರಿನ ಹೆಸರು ನೋಡಿ ನನಗೆ ಗಾಬರಿಯಾಯಿತು. ಅದನ್ನು ಮಾಡಿದ್ದು ನಾನೇ.

ಜೂನ್ ತಿಂಗಳಲ್ಲಿ ವಯಸ್ಸಾದ ಒಬ್ಬರು ತೋಡೂರಿನಿಂದ ಒಂದು ಹಳೆಯ ಆಲ್ಬಮ್ ತಂದಿದ್ದರು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಮುದ್ರ ತೀರದ ಊರುಗಳ ಜನ ಮನೆ ಬಿಟ್ಟು ಬಂದದ್ದು ನಮಗೆಲ್ಲ ಗೊತ್ತು. ಅವರ ಮನೆ ಅರ್ಗಾದಲ್ಲಿತ್ತು. ಮನೆ, ಅಂಗಳ, ತೆಂಗಿನ ಮರ, ಬಲೆ ಒಣಹಾಕಿದ ದಂಡೆ ಎಲ್ಲವೂ ಈಗ ಇರುವುದು ಆ ಆಲ್ಬಮ್ಮಿನಲ್ಲಿ ಮಾತ್ರ. “ಚೆನ್ನಾಗಿ ತೆಗಿ ತಮ್ಮಾ, ಮತ್ತೆ ಸಿಗೂದಿಲ್ಲ” ಎಂದಿದ್ದರು. ಫೋಟೊಗಳನ್ನು ಪುಟಕ್ಕೆ ಅಂಟಿಸಿದ್ದರಿಂದ ಕೀಳುವಂತಿರಲಿಲ್ಲ. ನಾನು ಪುಟ ಪುಟವನ್ನೇ ಸ್ಕ್ಯಾನ್ ಮಾಡಿದೆ. ಚೆನ್ನಾಗಿ ಬರಲಿ ಎಂದು ಸ್ಕ್ಯಾನರನ್ನು 1200 ಡಿಪಿಐಗೆ ಇಟ್ಟಿದ್ದೆ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ. ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು ಎಂದು ತಿಳಿದಿದ್ದೆ.

ಈಗ ಗುಣಾಕಾರ ಮಾಡಿ ನೋಡಿ. ಎ4 ಪುಟವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 9,900 × 14,000 ಚುಕ್ಕೆಗಳು, ಹತ್ತಿರ ಹತ್ತಿರ 13 ಕೋಟಿ 86 ಲಕ್ಷ. ಡಿಸ್ಕಿನಲ್ಲಿ ಆ ಕಡತ 40 ಎಂಬಿ ಇತ್ತು, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ. ತೆರೆದಾಗ ಅದು 4 ಬೈಟಿನ ಲೆಕ್ಕದಲ್ಲಿ 554 ಎಂಬಿ. ಕ್ಯಾಮೆರಾ ಫೋಟೊಗಳ ಒಳಗೆ ಸಾಮಾನ್ಯವಾಗಿ ಒಂದು ಪುಟ್ಟ ಚಿತ್ರವೂ ಇರುತ್ತದೆ, ಪಟ್ಟಿ ತೋರಿಸಲು ತಂತ್ರಾಂಶ ಅದನ್ನೇ ಬಳಸಬಹುದು. ನನ್ನ ಸ್ಕ್ಯಾನ್ ಕಡತಗಳಲ್ಲಿ ಅದು ಇರಲಿಲ್ಲ. ಹೀಗಾಗಿ ಪುಟ್ಟ ಚಿತ್ರ ಮಾಡಲಿಕ್ಕಾಗಿ ದೊಡ್ಡದನ್ನೇ ಪೂರ್ತಿ ತೆರೆಯಬೇಕಾಗಿತ್ತು. ಅದೂ ಬೇಗ ಮುಗಿಯಲಿ ಎಂದು ನಾಲ್ಕು ನಾಲ್ಕು ಕಡತಗಳನ್ನು ಒಟ್ಟಿಗೆ. 554 × 4 ಅಂದರೆ 2,216 ಎಂಬಿ. 4 ಜಿಬಿಯ ಕಂಪ್ಯೂಟರ್ ನಿಲ್ಲದೆ ಏನು ಮಾಡೀತು?

ಆ ದಿನ ಬುಧವಾರ. ಗುರುವಾರ ಬೆಳಿಗ್ಗೆ ಮಾಮು ಮುಂಗಡ ಕೊಡಲು ಹೋಗುವವರಿದ್ದರು. ಸುಮ್ಮನಿದ್ದರೆ ಹೊಸ ಕಂಪ್ಯೂಟರ್ ಬರುತ್ತಿತ್ತು, ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ ಎಂಬ ಯೋಚನೆ ಬಂದದ್ದು ನಿಜ. ಮಗ್ರಿಬ್ ನಮಾಜ್ ಮುಗಿಸಿ ಬಂದ ಮಾಮುಗೆ ನೋಟ್‌ಬುಕ್ ತೋರಿಸಿ ಎಲ್ಲ ಹೇಳಿದೆ. ಅವರು ಎರಡು ಸಲ ಲೆಕ್ಕ ನೋಡಿದರು. “ಎರಡು ವಾರದ ಹೆಸರು ಹೋಯ್ತಲ್ಲ ಬೇಟಾ, ಅದನ್ನು ನೀನೇ ಕೂತು ಬರೀಬೇಕು” ಅಂದರು. ಬೇರೆ ಏನೂ ಅನ್ನಲಿಲ್ಲ. ಮೂರು ಭಾನುವಾರ ಕುಳಿತು ಬರೆದೆ.

ಸರಿಪಡಿಸಿದ್ದು ಹೇಗೆ?

1200 ಡಿಪಿಐನ ಮೂಲ ಕಡತಗಳನ್ನು ಅಳಿಸಲಿಲ್ಲ. ಅವನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಸಂಗ್ರಹದ ಹೊರಗೆ ಇಟ್ಟೆವು. ಸಂಗ್ರಹಕ್ಕೆ 300 ಡಿಪಿಐ ಲೆಕ್ಕದ ಪ್ರತಿಗಳನ್ನು ಸೇರಿಸಿದೆವು. ಉದ್ದ ಕಾಲುಭಾಗ, ಅಗಲ ಕಾಲುಭಾಗ, ಹಾಗಾಗಿ ಮೆಮೊರಿ ಹದಿನಾರರಲ್ಲಿ ಒಂದು ಭಾಗ: 554ರ ಬದಲು ಸುಮಾರು 35 ಎಂಬಿ. ಒಟ್ಟಿಗೆ ತೆರೆಯುವ ಕಡತಗಳ ಸಂಖ್ಯೆಯನ್ನು ಸೆಟ್ಟಿಂಗ್ಸ್‌ನಲ್ಲಿ 2ಕ್ಕೆ ಇಳಿಸಿ, ಕ್ಯಾಶಿಗೆ ಒಂದು ಮಿತಿ ಹಾಕಿದೆವು. ಈಗ ಇಡೀ ಸಂಗ್ರಹ ತೆರೆದರೂ ನೋಟ್‌ಬುಕ್ಕಿನಲ್ಲಿ ಬರೆದ ಅತಿ ಹೆಚ್ಚಿನ ಅಂಕಿ 700 ಎಂಬಿ.

ಗುಣಮಟ್ಟ ಕಡಿಮೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಇದ್ದ ಅಳತೆಯಲ್ಲೇ ಮುದ್ರಿಸಲು 300 ಡಿಪಿಐ ಸಾಕು. ಎರಡು ಪಟ್ಟು ದೊಡ್ಡದು ಮಾಡಬೇಕಾದರೆ 600. ಹಳೆಯ ಮುದ್ರಿತ ಫೋಟೊದಲ್ಲಿ ಇಲ್ಲದ ವಿವರವನ್ನು 1200 ಡಿಪಿಐ ಕೂಡ ತಂದುಕೊಡುವುದಿಲ್ಲ, ಕಾಗದದ ಗೀರುಗಳನ್ನು ಮಾತ್ರ ದೊಡ್ಡದಾಗಿ ತೋರಿಸುತ್ತದೆ.

ಎಲ್ಲರಿಗೂ ಇಷ್ಟರಲ್ಲೇ ಮುಗಿಯುತ್ತದೆ ಎಂದು ಹೇಳುವುದಿಲ್ಲ. ದೊಡ್ಡ ಕ್ಯಾಮೆರಾದ ಫೋಟೊಗಳನ್ನು ದಿನವೂ ತಿದ್ದುವವರಿಗೆ 4 ಜಿಬಿ ನಿಜಕ್ಕೂ ಸಾಲದು. ಆಗಲೂ ಮೊದಲು ರ‍್ಯಾಮ್ ಹೆಚ್ಚಿಸಲು ಆಗುತ್ತದೆಯೇ ಎಂದು ಕೇಳಿ, ಇಡೀ ಕಂಪ್ಯೂಟರ್ ಬದಲಿಸುವ ಮಾತು ಆಮೇಲೆ. ಕೇಳುವ ಮೊದಲು ಒಂದು ವಾರ ಲೆಕ್ಕ ಬರೆದಿಡಿ. ಮನೆಯಲ್ಲೋ ಅಂಗಡಿಯಲ್ಲೋ ಇದೇ ತೊಂದರೆ ಇರುವವರು ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಕೇಳಬಹುದು, ನೋಟ್‌ಬುಕ್ ಬ್ಯಾಗಿನಲ್ಲೇ ಇರುತ್ತದೆ.

ತೋಡೂರಿನ ಆ ಅಜ್ಜ ಆಗಸ್ಟಿನಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಲು ಬಂದರು. ಪರದೆಯ ಮೇಲೆ ಅರ್ಗಾದ ಮನೆ ತೆರೆದು ತೋರಿಸಿದೆ. ಒಂದು ಕ್ಷಣವೂ ತಡವಾಗಲಿಲ್ಲ. ಅವರು ಬೆರಳಿಟ್ಟು ಬಾವಿ ಎಲ್ಲಿತ್ತು, ದೋಣಿ ಎಲ್ಲಿ ಕಟ್ಟುತ್ತಿದ್ದರು ಎಂದು ಒಂದೊಂದಾಗಿ ಹೇಳಿದರು. ಅವರು ಹೇಳಿದ ಹೆಸರುಗಳನ್ನೆಲ್ಲ ನಾನು ಆಗಲೇ ತಂತ್ರಾಂಶದಲ್ಲಿ ಬರೆದೆ, ಸಂಜೆ ಬಾಗಿಲು ಹಾಕುವ ಮೊದಲು ಬ್ಯಾಕಪ್ ತೆಗೆದೆ.