ಐದೂವರೆ ಮೀಟರಿನಲ್ಲಿ ಎಷ್ಟು ಶರ್ಟು?

ಥಾನಿನ ಕೊನೆಯಲ್ಲಿ ಐದೂವರೆ ಮೀಟರ್ ಬಟ್ಟೆ ಉಳಿದಿದೆ. ತುಂಬುತೋಳಿನ ಒಂದು ಶರ್ಟಿಗೆ ಒಂದೂಮುಕ್ಕಾಲು ಮೀಟರ್ ಬೇಕು ಎಂದಿಟ್ಟುಕೊಳ್ಳಿ. ಎಷ್ಟು ಶರ್ಟು ಆಗುತ್ತದೆ? ಪಳಗಿದ ಟೈಲರ್ ಇದಕ್ಕೆ ಪೆನ್ನು ಹುಡುಕುವುದಿಲ್ಲ. ಬಟ್ಟೆಯನ್ನು ಕಾಲು ಮೀಟರಿನ ಲೆಕ್ಕದಲ್ಲಿ ನೋಡಿಬಿಡುತ್ತಾನೆ. ಐದೂವರೆಯಲ್ಲಿ ಇಪ್ಪತ್ತೆರಡು ಕಾಲು, ಒಂದು ಶರ್ಟಿಗೆ ಏಳು ಕಾಲು. ಏಳು ಮೂರಲ ಇಪ್ಪತ್ತೊಂದು. ಮೂರು ಶರ್ಟು ಆಯಿತು, ಕಾಲು ಮೀಟರ್ ಮಿಕ್ಕಿತು.

ಇದೇ ಲೆಕ್ಕ ಶಾಲೆಯ ಪುಸ್ತಕದಲ್ಲಿ 5½ ÷ 1¾ ಎಂಬ ವೇಷದಲ್ಲಿ ಬರುತ್ತದೆ. ಮಿಶ್ರ ಭಿನ್ನರಾಶಿಗಳನ್ನು ವಿಷಮ ಭಿನ್ನರಾಶಿ ಮಾಡಬೇಕು, ಎರಡನೆಯದನ್ನು ತಲೆಕೆಳಗು ಮಾಡಬೇಕು, ಆಮೇಲೆ ಗುಣಿಸಬೇಕು. 11/2 × 4/7 = 44/14 = 22/7, ಅಂದರೆ 3 1/7. ವೃತ್ತದ ಪಾಠದಲ್ಲಿ ಪರಿಚಯವಾದ 22/7 ಇಲ್ಲಿ ಶರ್ಟಿನ ಲೆಕ್ಕದಲ್ಲಿ ಬಂದಿರುವುದು ಬರೀ ಕಾಕತಾಳೀಯ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಯೋಚಿಸಬೇಕಾದದ್ದು ಬೇರೆ ಇದೆ. ಟೈಲರ್ ಕಾಲು ಮಿಕ್ಕಿತು ಅಂದ, ಪುಸ್ತಕ ಏಳನೇ ಒಂದು ಅನ್ನುತ್ತಿದೆ. ಯಾರು ಸರಿ?

ಇಬ್ಬರೂ ಸರಿ. ಟೈಲರ್ ಹೇಳಿದ ಕಾಲು ಮೀಟರಿನದು, ಪುಸ್ತಕದ ಏಳನೇ ಒಂದು ಭಾಗ ಶರ್ಟಿನದು. ಉಳಿದ ತುಂಡಿನಲ್ಲಿ ಒಂದು ಶರ್ಟಿಗೆ ಬೇಕಾದ ಬಟ್ಟೆಯ ಏಳನೇ ಒಂದರಷ್ಟು ಇದೆ, ಅಷ್ಟೆ. ಭಿನ್ನರಾಶಿಯ ಭಾಗಾಕಾರದಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ, ತಲೆಕೆಳಗು ಮಾಡುವಲ್ಲಿ ಅಲ್ಲ. ಉತ್ತರದಲ್ಲಿ ಬರುವ ಚೂರು ಯಾವಾಗಲೂ ನೀವು ಯಾವುದರಿಂದ ಭಾಗಿಸಿದಿರೋ ಅದರ ಚೂರು. ಅದನ್ನು ಮೀಟರಿಗೋ ಲೀಟರಿಗೋ ತರಬೇಕಾದರೆ ಮತ್ತೆ ಭಾಜಕದಿಂದ ಗುಣಿಸಬೇಕು: 1/7 × 1¾ = ¼ ಮೀಟರ್.

ಟೈಲರಿನ ದಾರಿಯಲ್ಲಿ ತಲೆಕೆಳಗು ಮಾಡುವ ಮಾತೇ ಬರಲಿಲ್ಲ ಎಂಬುದನ್ನೂ ಗಮನಿಸಿ. ಎರಡೂ ಅಳತೆಯನ್ನು ಒಂದೇ ಸಣ್ಣ ತುಂಡಿಗೆ, ಅಂದರೆ ಒಂದೇ ಛೇದಕ್ಕೆ, ಇಳಿಸಿದರೆ ಛೇದಕ್ಕೆ ಮುಂದೆ ಕೆಲಸವಿಲ್ಲ. 22 ಕಾಲನ್ನು 7 ಕಾಲಿನಿಂದ ಭಾಗಿಸುವುದೂ 22ನ್ನು 7ರಿಂದ ಭಾಗಿಸುವುದೂ ಒಂದೇ. ಮಕ್ಕಳಿಗೆ ಮೊದಲು ಇದನ್ನು ಹೇಳಿಕೊಟ್ಟು, ಸೂತ್ರವನ್ನು ಆಮೇಲೆ ಕೊಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಸೂತ್ರಕ್ಕೆ ಅರ್ಥವೇ ಇಲ್ಲವೇ? ಇದೆ, ಅದು ಟ್ರ್ಯಾಕ್ಟರಿನ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ರೋಟವೇಟರ್ ಹಾಕಿದ ಟ್ರ್ಯಾಕ್ಟರ್ ಗಂಟೆಗೆ ಮುಕ್ಕಾಲು ಎಕರೆ ಹೊಡೆಯುತ್ತದೆ ಎನ್ನಿ. ಮೂರೂವರೆ ಎಕರೆಗೆ ಎಷ್ಟು ಹೊತ್ತು? 3½ ÷ ¾. ಈಗ ¾ರ ವ್ಯುತ್ಕ್ರಮ 4/3 ಏನೆಂದು ನೋಡಿ. ಮುಕ್ಕಾಲು ಎಕರೆಗೆ 60 ನಿಮಿಷವಾದರೆ ಕಾಲು ಎಕರೆಗೆ 20 ನಿಮಿಷ, ಪೂರ್ತಿ ಎಕರೆಗೆ 80 ನಿಮಿಷ. ಆ 80 ನಿಮಿಷವೇ 4/3 ಗಂಟೆ. ಗಂಟೆಗೆ ಎಷ್ಟು ಎಕರೆ ಎಂಬುದನ್ನು ಮಗುಚಿದರೆ ಎಕರೆಗೆ ಎಷ್ಟು ಗಂಟೆ ಎಂಬುದು ಸಿಗುತ್ತದೆ. ಅದನ್ನು ಮೂರೂವರೆಯಿಂದ ಗುಣಿಸಿದರೆ 14/3, ಅಂದರೆ ನಾಲ್ಕು ಗಂಟೆ ನಲವತ್ತು ನಿಮಿಷ.

ಈ ಸೂತ್ರ ಹೊಸದೇನಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿಯೇ ಭಾಜಕದ ಅಂಶ-ಛೇದಗಳನ್ನು ಅದಲುಬದಲು ಮಾಡಿ ಗುಣಿಸಬೇಕೆಂಬ ನಿಯಮವಿದೆ. 12ನೇ ಶತಮಾನದ ಹೊತ್ತಿಗೆ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ. ಅವನ ಕೃತಿಯ ಹೆಸರೇ ವ್ಯವಹಾರಗಣಿತ.

ಅದೇ ಮೂರೂವರೆ ಎಕರೆ ಪಹಣಿಯಲ್ಲಿ 3.20 ಎಂದಿರುತ್ತದೆ, ಅಂದರೆ 3 ಎಕರೆ 20 ಗುಂಟೆ. ಇಲ್ಲಿರುವ ಚುಕ್ಕೆ ದಶಮಾಂಶದ್ದಲ್ಲ. ಎಕರೆಗೆ 40 ಗುಂಟೆ. ಮೊಬೈಲಿನಲ್ಲಿ 3.20 ಒತ್ತಿ 0.75ರಿಂದ ಭಾಗಿಸಿದರೆ ನಾಲ್ಕು ಗಂಟೆ ಹದಿನಾರು ನಿಮಿಷ ಎಂಬ ತಪ್ಪು ಉತ್ತರ ಬರುತ್ತದೆ. ಗಂಟೆ ಲೆಕ್ಕದ ಬಾಡಿಗೆಯಲ್ಲಿ 24 ನಿಮಿಷಕ್ಕೆ ಜಗಳ ಹುಟ್ಟೀತು. ಎಲ್ಲವನ್ನೂ ಗುಂಟೆಗೆ ಇಳಿಸಿದರೆ ಗೊಂದಲವಿಲ್ಲ: 140 ಗುಂಟೆ, ಗಂಟೆಗೆ 30 ಗುಂಟೆ. ಟೈಲರ್ ಬಟ್ಟೆಯನ್ನು ಕಾಲುಗಳಲ್ಲಿ ಎಣಿಸಿದ ಹಾಗೆಯೇ.

ಮಿಶ್ರ ಸಂಖ್ಯೆಗಳಲ್ಲಿ ಇನ್ನೊಂದು ಹಳ್ಳವಿದೆ. ಪೂರ್ಣವನ್ನು ಪೂರ್ಣದಿಂದ, ಚೂರನ್ನು ಚೂರಿನಿಂದ ಬೇರೆ ಬೇರೆ ಭಾಗಿಸಿ ಕೂಡಿಸುವುದು. 5ನ್ನು 1ರಿಂದ, ½ನ್ನು ¾ರಿಂದ ಭಾಗಿಸಿದರೆ ಐದಕ್ಕೂ ಮಿಕ್ಕಿ ಶರ್ಟು ಬರುತ್ತದೆ! ಬಟ್ಟೆಯನ್ನು ಬೇಕಾದರೆ ಎರಡಾಗಿ ಒಡೆಯಬಹುದು. ಐದು ಮೀಟರನ್ನೂ ಅರ್ಧ ಮೀಟರನ್ನೂ ಬೇರೆಬೇರೆಯಾಗಿ 1¾ರಿಂದ ಭಾಗಿಸಿ ಕೂಡಿಸಿದರೂ ಉತ್ತರ ಸರಿಯೇ. ಶರ್ಟಿನ ಅಳತೆಯನ್ನು ಮಾತ್ರ ಒಡೆಯುವ ಹಾಗಿಲ್ಲ. ಇನ್ನು, ಒಂದಕ್ಕಿಂತ ಸಣ್ಣದರಿಂದ ಭಾಗಿಸಿದರೆ ಉತ್ತರ ಯಾಕೆ ದೊಡ್ಡದಾಗುತ್ತದೆ ಎಂದು ಮಕ್ಕಳು ಕೇಳುವುದುಂಟು. ಎರಡೂವರೆ ಲೀಟರ್ ಮಜ್ಜಿಗೆಯನ್ನು ಕಾಲು ಲೀಟರ್ ಲೋಟಗಳಿಗೆ ಅವರ ಕೈಯಲ್ಲೇ ಹುಯ್ಯಿಸಿ. ಹತ್ತು ಲೋಟ ತುಂಬಿದ ಮೇಲೆ ಕೇಳುವುದಿಲ್ಲ.

ಉತ್ತರ ಬಂದ ಮೇಲೂ ವ್ಯವಹಾರಜ್ಞಾನ ಬೇಕು. ಶರ್ಟಿನ 3 1/7 ಮೂರಕ್ಕೆ ಇಳಿಯುತ್ತದೆ. ಗಾಣದಿಂದ ತಂದ ಹನ್ನೆರಡೂವರೆ ಲೀಟರ್ ಎಣ್ಣೆಯನ್ನು ಒಂದೂವರೆ ಲೀಟರಿನ ಬಾಟಲಿಗಳಿಗೆ ತುಂಬಿಸುವಾಗ 8 1/3 ಬಂದರೆ ಒಂಬತ್ತಕ್ಕೆ ಏರುತ್ತದೆ. ಕೊನೆಯ ಬಾಟಲಿಯಲ್ಲಿ ಇರುವುದು ಅರ್ಧ ಲೀಟರ್, ಆದರೆ ಬಾಟಲಿ ಪೂರ್ತಿಯೇ ಬೇಕು.

ಬಡಗಿಯ ಲೆಕ್ಕ ಇನ್ನೂ ಸೂಕ್ಷ್ಮ. ಏಳೂವರೆ ಅಡಿಯ ಹಲಗೆಯಲ್ಲಿ ಒಂದೂಕಾಲು ಅಡಿಯ ಎಷ್ಟು ತುಂಡು? 30 ಕಾಲು, 5 ಕಾಲು, ಆರು ತುಂಡು, ಏನೂ ಉಳಿಯದು. ಕಾಗದದ ಮೇಲೆ ಚೊಕ್ಕ. ಹಲಗೆಯ ಮೇಲೆ ಹಾಗಲ್ಲ. ಯಂತ್ರದ ಗರಗಸದ ಅಲಗು ಒಂದೊಂದು ಕೊಯ್ತಕ್ಕೂ ಇಂಚಿನ ಎಂಟನೇ ಒಂದು ಭಾಗವನ್ನು ಪುಡಿ ಮಾಡುತ್ತದೆ ಎಂದುಕೊಂಡರೆ ಐದು ಕೊಯ್ತಕ್ಕೆ ಇಂಚಿನ 5/8 ಭಾಗ ಹೋಯಿತು. ಐದು ತುಂಡು 15 ಇಂಚು ಇರುತ್ತವೆ, ಆರನೆಯದು 14⅜ ಇಂಚಿಗೆ ನಿಲ್ಲುತ್ತದೆ. ಆರೂ ಒಂದೇ ಸಮ ಬೇಕಿದ್ದರೆ 90 ಇಂಚಿನಿಂದ ಮೊದಲೇ ಆ 5/8 ಕಳೆದು, ಉಳಿದ 89⅜ನ್ನು ಆರರಿಂದ ಭಾಗಿಸಬೇಕು. 14⅞ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಗುರುತನ್ನು 14⅞ಕ್ಕೆ ಹಾಕಿದರೆ ಕೊನೆಗೆ ಉಳಿಯುವುದು ಸರಿಯಾಗಿ ಇಂಚಿನ ಎಂಟನೇ ಒಂದು ಭಾಗ. ಆರನೇ ಕೊಯ್ತದಲ್ಲಿ ಅದೂ ಪುಡಿಯಾಗಿ ಹೋಗುತ್ತದೆ.