ಪೊರೆಯ ಭವಿಷ್ಯ ಬದಲಿಸಿದ ಚಿಟಿಕೆ ಉಪ್ಪು

ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಕೊಳವೆಗಳಲ್ಲಿ ಸುರುಳಿ ಸುತ್ತಿ ಕುಳಿತಿರುವ ಪೊರೆಯ ವಂಶಾವಳಿ ಕೆದಕಿದರೆ, 1950ರ ದಶಕದ ಅಮೆರಿಕ ಸಿಗುತ್ತದೆ. ಸೆಲ್ಯುಲೋಸ್ ಅಸಿಟೇಟ್ ಪೊರೆ ಉಪ್ಪನ್ನು ತಡೆದು ನೀರನ್ನು ಬಿಡುತ್ತದೆಂದು ಫ್ಲಾರಿಡಾ ವಿಶ್ವವಿದ್ಯಾಲಯದ ಚಾರ್ಲ್ಸ್ ರೀಡ್ ತಂಡ ಆಗ ತೋರಿಸಿತ್ತು. ಆದರೆ ನೀರು ತೊಟ್ಟಿಕ್ಕುತ್ತಿತ್ತಷ್ಟೇ.

ಈ ಗಂಟು ಬಿಡಿಸಿದವರು ಲಾಸ್ ಏಂಜಲೀಸ್‌ನ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಅವರ ಪಾಕದಲ್ಲಿ ಸೆಲ್ಯುಲೋಸ್ ಅಸಿಟೇಟ್ ಪಾಲಿಮರ್ ಶೇ 22.2, ಅಸಿಟೋನ್ ಶೇ 66.7, ನೀರು ಶೇ 10. ಉಳಿದ ಶೇ 1.1 ಮೆಗ್ನೀಸಿಯಂ ಪರ್ಕ್ಲೋರೇಟ್ ಎಂಬ ಲವಣ. ದ್ರಾವಣವನ್ನು ಗಾಜಿನ ಮೇಲೆ ತೆಳುವಾಗಿ ಎಳೆದು ತಣ್ಣೀರಿಗೆ ಇಳಿಸಿದರೆ ದ್ರಾವಕ ಹೊರಹೋಗಿ, ನೀರು ಒಳನುಗ್ಗಿ ಪಾಲಿಮರ್ ಗಟ್ಟಿಯಾಗುತ್ತದೆ. ಮೇಲೆ ಅತಿ ತೆಳುವಾದ ಬಿಗಿ ಚರ್ಮ, ಕೆಳಗೆ ಸ್ಪಂಜಿನಂಥ ಪದರ. ತಡೆಯುವ ಕೆಲಸ ಚರ್ಮದ್ದು; ಅದು ತೆಳುವಾದಷ್ಟೂ ನೀರಿನ ದಾರಿ ಸಲೀಸು. ಬಿಸಿನೀರಿನಲ್ಲಿ ಹದ ಮಾಡಿದ ಈ ಪೊರೆಯಿಂದ ಹರಿವು ಹತ್ತು ಪಟ್ಟಿಗೂ ಮೀರಿ ಹೆಚ್ಚಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಅಲಿಂಗಾ ಪಟ್ಟಣ ಇದೇ ತಂತ್ರದಿಂದ ಸಿಹಿನೀರು ಕಂಡಿತು.

ಇಂದು ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆಯ ಚರ್ಮ ಪಾಲಿಅಮೈಡ್, ಅದರ ಆಸರೆ ಸಾಮಾನ್ಯವಾಗಿ ಪಾಲಿಸಲ್ಫೋನ್. ಪಾಲಿಸಲ್ಫೋನ್ ಗಟ್ಟಿ, ಆದರೆ ನೀರಿನೊಂದಿಗೆ ಅದಕ್ಕೆ ಅಷ್ಟಕ್ಕಷ್ಟೆ. ಅದನ್ನೇ ನೇರ ಸೋಸುಪೊರೆಯಾಗಿ ಬಳಸಿದರೆ ಪ್ರೋಟೀನು, ಜಿಡ್ಡು ಬೇಗ ಅಂಟಿಕೊಂಡು ರಂಧ್ರ ಕಟ್ಟುತ್ತವೆ. ಆದ್ದರಿಂದ ಪಾಕಕ್ಕೆ ಪಿವಿಪಿ, ಪಿಇಜಿಯಂಥ ನೀರುಪ್ರಿಯ ಪಾಲಿಮರ್‌ಗಳನ್ನು ಬೆರೆಸುತ್ತಾರೆ. ಬಹುಪಾಲು ತೊಳೆದುಹೋಗಿ ರಂಧ್ರ ಉಳಿಸುತ್ತದೆ. ಸಿಕ್ಕಿಕೊಂಡ ಪಾಲು ಪೊರೆಯನ್ನು ನೀರಿಗೆ ಒಗ್ಗಿಸುತ್ತದೆ. ಅನೇಕ ಡಯಾಲಿಸಿಸ್ ನಾಳಗಳಲ್ಲಿರುವುದೂ ಪಾಲಿಸಲ್ಫೋನ್–ಪಿವಿಪಿ ಜೋಡಿಯೇ. ಸುರತ್ಕಲ್‌ನ ಎನ್‌ಐಟಿಕೆ ಪ್ರಯೋಗಾಲಯದಲ್ಲೂ ಪಾಲಿಸಲ್ಫೋನ್ ಪೊರೆಗಳ ಸಂಶೋಧನೆ ನಡೆದಿದೆ.

ಬೆರಕೆ ಹೆಚ್ಚಾದರೆ ಲಾಭವೂ ಹೆಚ್ಚೆಂದೇನಿಲ್ಲ. ಪಿವಿಪಿ ಅತಿಯಾದರೆ ದ್ರಾವಣ ಮಂದವಾಗಿ ನೀರು–ದ್ರಾವಕಗಳ ವಿನಿಮಯ ನಿಧಾನವಾಗುತ್ತದೆ, ಒಳಗಿನ ದೊಡ್ಡ ಪೊಳ್ಳುಗಳು ಮುಚ್ಚಿ ಹರಿವು ಕುಸಿಯಬಹುದು. ಹೀಗೆಯೇ ಪಾಕಕ್ಕೆ ಬೆರೆಸುವ ಟೈಟಾನಿಯಂ ಡೈಆಕ್ಸೈಡ್ ನ್ಯಾನೊಕಣಗಳು ಮಿತಿ ಮೀರಿದರೆ ಗಂಟುಗಟ್ಟಿ ಪೊರೆಯನ್ನೇ ದುರ್ಬಲಗೊಳಿಸುತ್ತವೆ. ಶುಚಿಗೊಳಿಸಲು ಬಳಸುವ ಹೈಪೋಕ್ಲೋರೈಟ್, ಉಳಿದ ಪಿವಿಪಿಯನ್ನೂ ಕ್ರಮೇಣ ಕಿತ್ತೊಯ್ಯುತ್ತದೆ.

ಹಾಗಾಗಿ ಹೊಸ ಪೊರೆ ಮೊದಲ ದಿನ ಎಷ್ಟು ನೀರು ಕೊಟ್ಟಿತೆಂಬ ಅಂಕಿ ನೋಡಿ ಬೀಗುವಂತಿಲ್ಲ. ಹತ್ತಾರು ಸಲ ಕಟ್ಟಿಕೊಂಡು, ತೊಳೆಸಿಕೊಂಡ ಮೇಲೂ ಅದೇ ಹರಿವು, ಅದೇ ತಡೆ ಉಳಿದರೆ ಮಾತ್ರ ಬೆರಕೆ ಗೆದ್ದಂತೆ.